ಬಿಸಿಯಾದ ಮೇಲೆ ಐಡ್ಲಿಂಗ್ ಇಳಿಯದ ಹಳೆಯ ಚೈನ್ ಸಾ: ಕಾರ್ಬ್ಯುರೇಟರ್ ಬದಲಿಸಬೇಕೆ?

ಹಳೆಗರಗಸ

ಎಲ್ಲರಿಗೂ ನಮಸ್ಕಾರ. ಐವತ್ತು ವರ್ಷ ದಾಟಿದ, ಸುಮಾರು 60 ಸಿಸಿಯ ಒಂದು ಚೈನ್ ಸಾ ನನ್ನ ಕೈ ಸೇರಿ ಎಂಟು ತಿಂಗಳಾಯಿತು. ಮೈಯೆಲ್ಲ ಮ್ಯಾಗ್ನೀಸಿಯಂ ಎರಕ, ರೀಡ್ ವಾಲ್ವ್ ಇರುವ ಎಂಜಿನ್, ಫ್ಲೈವೀಲ್ ಹಿಂದೆ ಕಿಡಿ ಹುಟ್ಟಿಸುವ ಪಾಯಿಂಟ್ ಮತ್ತು ಕಂಡೆನ್ಸರ್, ಹೆಬ್ಬೆರಳಿನಿಂದ ಒತ್ತಬೇಕಾದ ಚೈನ್ ಆಯಿಲ್ ಪಂಪ್. ಚೈನ್ ಬ್ರೇಕ್ ಇಲ್ಲ. ಬಂದಾಗ ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಹೊಸ ಡಯಾಫ್ರಾಮ್ ಮತ್ತು ಗ್ಯಾಸ್ಕೆಟ್ ಹಾಕಿದೆ. ಕಲ್ಲಿನಂತೆ ಗಟ್ಟಿಯಾಗಿದ್ದ ಪೆಟ್ರೋಲ್ ಕೊಳವೆ, ಟ್ಯಾಂಕಿನೊಳಗಿನ ಫಿಲ್ಟರ್ ಮತ್ತು ಸ್ಪಾರ್ಕ್ ಪ್ಲಗ್ ಬದಲಿಸಿದೆ. ಈಗ ತಣ್ಣಗಿರುವಾಗ ಮೂರನೆಯ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ.

ತೊಂದರೆ ಶುರುವಾಗುವುದು ಹತ್ತು ನಿಮಿಷ ಕೊಯ್ದ ಮೇಲೆ. ಥ್ರಾಟಲ್ ಬಿಟ್ಟರೂ ಎಂಜಿನ್ ವೇಗ ಇಳಿಯುವುದಿಲ್ಲ, ಚೈನ್ ಓಡುತ್ತಲೇ ಇರುತ್ತದೆ. ಕೆಲವೊಮ್ಮೆ ಐದಾರು ಸೆಕೆಂಡಿನ ನಂತರ ಇಳಿಯುತ್ತದೆ, ಕೆಲವೊಮ್ಮೆ ಸ್ವಿಚ್ ಆರಿಸಿಯೇ ನಿಲ್ಲಿಸಬೇಕಾಗುತ್ತದೆ. ಯಂತ್ರವನ್ನು ಮಗ್ಗುಲಿಗೆ ವಾಲಿಸಿದರೆ ಸದ್ದು ಬದಲಾಗುತ್ತದೆ. ಕಡಿಮೆ ವೇಗದಲ್ಲಿ ಬರುವ ಪೆಟ್ರೋಲನ್ನು ಹೊಂದಿಸುವ ‘ಎಲ್’ ಸ್ಕ್ರೂವನ್ನು ಕಾಲು ಸುತ್ತು ತೆರೆದಾಗ ಆ ದಿನಕ್ಕೆ ಸರಿಹೋಯಿತು, ಮುಂದಿನ ಸಲ ಮತ್ತೆ ಅದೇ ಕಥೆ. ಹೀಗೆ ತೆರೆಯುತ್ತ ತೆರೆಯುತ್ತ ಈಗ ಅದು ಸುಮಾರು ಎರಡು ಸುತ್ತಿಗೆ ಬಂದು ನಿಂತಿದೆ, ತಣ್ಣಗಿರುವಾಗ ಹೊಗೆ ಉಗುಳಿ ಆರಿಹೋಗುತ್ತದೆ. ಎರಡು ವಾರಕ್ಕೊಮ್ಮೆ ಪಾಯಿಂಟ್ ಮೇಲೆ ಎಣ್ಣೆಯ ಪಸೆ ಕೂರುವುದರಿಂದ ಅದನ್ನೂ ಒರೆಸುತ್ತಿರುತ್ತೇನೆ. ಅದು ಹಳೆಯ ಯಂತ್ರದ ಸ್ವಭಾವವೆಂದುಕೊಂಡು ಸುಮ್ಮನಿದ್ದೇನೆ.

ಡಯಾಫ್ರಾಮ್ ಜೋಡಿಸುವುದರಲ್ಲಿ ನಾನು ತಪ್ಪಿದ್ದೇನೆಯೇ, ಅಥವಾ ಕಾರ್ಬ್ಯುರೇಟರನ್ನೇ ಬದಲಿಸಬೇಕೇ? ಇನ್ನೊಂದು ಸಂದೇಹ: ಟ್ಯಾಂಕಿನ ಮೇಲೆ 16:1 (16 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ) ಎಂದು ಬರೆದಿದೆ, ನಾನು ಈಗಿನ ಟು-ಸ್ಟ್ರೋಕ್ ಆಯಿಲನ್ನು 50:1ರಲ್ಲಿ ಬೆರೆಸುತ್ತಿದ್ದೇನೆ.

ದಿಮ್ಮಿ

ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಬಿಡುವ ಮೀಟರಿಂಗ್ ಲಿವರ್ ಎತ್ತರವನ್ನು ಒಮ್ಮೆ ನೋಡಿ. ಆ ಕಾಲದ ಹಲವು ಕಾರ್ಬ್ಯುರೇಟರ್‌ಗಳಲ್ಲಿ ಲಿವರ್ ತುದಿಯು ಕೋಣೆಯ ತಳಕ್ಕೆ ಸರಿಸಮವಾಗಿ ಕೂರಬೇಕು. ತಗ್ಗಿದ್ದರೆ ಪೆಟ್ರೋಲ್ ಕಡಿಮೆ ಬಂದು ಐಡ್ಲಿಂಗ್ (ಥ್ರಾಟಲ್ ಬಿಟ್ಟಾಗಿನ ವೇಗ) ಏರುತ್ತದೆ. ಥ್ರಾಟಲ್ ಬಿಟ್ಟ ಮೇಲೂ ಚೈನ್ ಓಡುತ್ತದೆ ಎನ್ನುವುದಕ್ಕೆ ಕ್ಲಚ್ ಸ್ಪ್ರಿಂಗ್ ಸೋತಿರುವುದೂ ಕಾರಣವಿರಬಹುದು. ಎರಡನ್ನೂ ನೋಡದೆ ಹೊಸ ಕಾರ್ಬ್ಯುರೇಟರ್ ಕೊಳ್ಳಬೇಡಿ.

ಎರಡುಸ್ಟ್ರೋಕ್

ಹಳೆಗರಗಸ ಅವರೇ, ಮೊದಲು ಒಂದು ಮಾತು: ಕಾರಣ ಗೊತ್ತಾಗುವವರೆಗೆ ಈ ಯಂತ್ರವನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ನಿಲ್ಲದೆ ಓಡುವ ಚೈನ್ ನಿಮಗೆ ಅಪಾಯ, ನೀವು ಹೇಳುತ್ತಿರುವ ಲಕ್ಷಣ ಎಂಜಿನ್‌ಗೂ ಅಪಾಯ.

ದಿಮ್ಮಿಯವರು ಹೇಳಿದ ಎರಡೂ ನಿಜವಾದ ದೋಷಗಳೇ, ಆದರೆ ಇಲ್ಲಿ ಅವು ಹೊಂದುತ್ತಿಲ್ಲ. ಲಿವರ್ ಎತ್ತರ ತಪ್ಪಿದ್ದರೆ ತಣ್ಣಗಿರುವಾಗಲೂ ಬಿಸಿಯಾದಾಗಲೂ ತೊಂದರೆ ಒಂದೇ ಬಗೆಯಲ್ಲಿ ಇರುತ್ತಿತ್ತು. ಕ್ಲಚ್ ಸ್ಪ್ರಿಂಗ್ ಸೋತಿದ್ದರೆ ಎಂಜಿನ್ ವೇಗ ಇಳಿದರೂ ಚೈನ್ ತಿರುಗುತ್ತಿತ್ತು. ನಿಮ್ಮಲ್ಲಿ ಎಂಜಿನ್ನೇ ಇಳಿಯುತ್ತಿಲ್ಲ. ಬಿಸಿಯಾದಾಗ ಏರುವ ಐಡ್ಲಿಂಗ್, ವಾಲಿಸಿದಾಗ ಬದಲಾಗುವ ಸದ್ದು, ದಿನದಿಂದ ದಿನಕ್ಕೆ ಹೆಚ್ಚು ತೆರೆಯಬೇಕಾಗುವ ‘ಎಲ್’ ಸ್ಕ್ರೂ, ಈ ಮೂರೂ ಒಟ್ಟಿಗೆ ಕಂಡರೆ ನಾನು ಮೊದಲು ಹುಡುಕುವುದು ಕ್ರ್ಯಾಂಕ್‌ಕೇಸಿನ ಏರ್ ಲೀಕನ್ನು.

ಟು-ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಕೇಸ್ ಎಂದರೆ ಕೇವಲ ಪೆಟ್ಟಿಗೆಯಲ್ಲ, ಅದೊಂದು ಪಂಪ್. ಪಿಸ್ಟನ್ ಮೇಲೇರುವಾಗ ಅಲ್ಲಿ ಒತ್ತಡ ಕುಸಿದು ಕಾರ್ಬ್ಯುರೇಟರಿನಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಬರುತ್ತದೆ, ಕೆಳಗಿಳಿಯುವಾಗ ಅದೇ ಮಿಶ್ರಣ ಒತ್ತಲ್ಪಟ್ಟು ಸಿಲಿಂಡರಿಗೆ ಏರುತ್ತದೆ. ಅಷ್ಟೇ ಅಲ್ಲ, ಆ ಏರಿಳಿತದ ಮಿಡಿತವೇ ಕಾರ್ಬ್ಯುರೇಟರಿನ ಪೆಟ್ರೋಲ್ ಪಂಪಿನ ಡಯಾಫ್ರಾಮನ್ನು ಬಡಿಯುವುದು. ಕ್ರ್ಯಾಂಕ್ ಶಾಫ್ಟಿನ ಎರಡು ತುದಿಯ ಆಯಿಲ್ ಸೀಲ್‌ಗಳು ದಶಕಗಳ ಕಾಲ ಒಣಗಿ ಗಟ್ಟಿಯಾದಾಗ ಆ ಪಂಪಿಗೆ ತೂತು ಬಿದ್ದಂತೆ. ಕಾರ್ಬ್ಯುರೇಟರನ್ನು ದಾಟದೆ ಒಳಹೊಕ್ಕ ಗಾಳಿಯಲ್ಲಿ ಪೆಟ್ರೋಲೂ ಇರುವುದಿಲ್ಲ, ಪೆಟ್ರೋಲಿನ ಜೊತೆ ಬರಬೇಕಾದ ಎಣ್ಣೆಯೂ ಇರುವುದಿಲ್ಲ. ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ವೇಗ ಏರುತ್ತದೆ, ಕೊನೆಗೊಂದು ದಿನ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ.

ನೀವು ‘ಎಲ್’ ಸ್ಕ್ರೂ ತೆರೆದಾಗ ಮಾಡಿದ್ದು ತೂತನ್ನು ಮುಚ್ಚುವ ಕೆಲಸವಲ್ಲ. ಸೋರುವ ಮಡಕೆಗೆ ಮೇಲಿಂದ ಇನ್ನಷ್ಟು ನೀರು ಸುರಿದಂತೆ ಅಷ್ಟೇ. ಕಾರ್ಬ್ಯುರೇಟರ್ ಸ್ಕ್ರೂ ಮುಟ್ಟುವ ಮೊದಲು ಎಂಜಿನ್ ಗಾಳಿ ಹಿಡಿದಿಡುತ್ತದೆಯೇ ಎಂದು ತಿಳಿದಿರಬೇಕು. ಹಳೆಯ ಯಂತ್ರ ಸ್ಟಾರ್ಟ್ ಆದೊಡನೆ ದುರಸ್ತಿ ಮುಗಿಯಿತೆಂದು ಸಂಭ್ರಮಿಸುವ ಅಭ್ಯಾಸ ನಮ್ಮೆಲ್ಲರಿಗೂ ಇದೆ, ನನಗೂ ಇತ್ತು. ಒಂದು ಒಳ್ಳೆಯ ಪಿಸ್ಟನ್ ಕಳೆದುಕೊಂಡ ಮೇಲೆ ಬಿಟ್ಟೆ.

ಮ್ಯಾಗ್ನೆಟೊ

ನೀವು ಸ್ವಭಾವವೆಂದು ಬಿಟ್ಟ ಸಂಗತಿಯೇ ಇಲ್ಲಿ ಮುಖ್ಯ ಸುಳಿವು. ಪಾಯಿಂಟ್ ಪೆಟ್ಟಿಗೆಯಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ಕ್ಯಾಮ್ ಮೇಲೆ ಉಜ್ಜುವ ಬತ್ತಿಯಲ್ಲಿರುವುದು ಒಂದು ತೊಟ್ಟು. ಎರಡು ವಾರಕ್ಕೊಮ್ಮೆ ಒರೆಸುವಷ್ಟು ಎಣ್ಣೆ ಬರುತ್ತಿದೆಯೆಂದರೆ ಅದು ಫ್ಲೈವೀಲ್ ಕಡೆಯ ಆಯಿಲ್ ಸೀಲನ್ನು ದಾಟಿ ಕ್ರ್ಯಾಂಕ್‌ಕೇಸಿನಿಂದ ಉಗುಳಲ್ಪಡುತ್ತಿರುವ ಪೆಟ್ರೋಲ್ ಮಿಶ್ರಣದ ಎಣ್ಣೆ. ಹೊರಗೆ ಉಗುಳುವ ಸೀಲ್ ಒಳಗೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಎರಡುಸ್ಟ್ರೋಕ್ ಅವರ ಊಹೆ ಸರಿಯಿದೆ ಎಂಬುದಕ್ಕೆ ನನಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ, ಆದರೂ ಪರೀಕ್ಷೆ ಮಾಡಿಯೇ ಬಿಚ್ಚಿ.

ಫ್ಲೈವೀಲ್ ಹೇಗೂ ತೆಗೆಯಬೇಕಾಗುವುದರಿಂದ ಆಗಲೇ ಮೂರು ಕೆಲಸ ಮುಗಿಸಿಕೊಳ್ಳಿ. ಪಾಯಿಂಟ್‌ಗಳ ಮುಖ ಹೊಂಡ ಬಿದ್ದಿದ್ದರೆ ತೆಳು ಅರದಿಂದ ಒಂದೆರಡು ಸಲ ಎಳೆದು, ಆಮೇಲೆ ಸ್ವಚ್ಛ ಕಾಗದದ ಚೂರನ್ನು ನಡುವೆ ತೂರಿಸಿ ಎಳೆಯಿರಿ. ಮರಳು ಕಾಗದ ಬೇಡ, ಅದರ ಕಣ ಅಲ್ಲೇ ಕೂರುತ್ತದೆ. ಪೂರ್ತಿ ತೆರೆದಾಗ ಅಂತರ ಸುಮಾರು 0.4 ಮಿ.ಮೀ. ಇರಲಿ. ಫ್ಲೈವೀಲ್ ಮರಳಿ ಹಾಕುವಾಗ ಅದರ ಅಯಸ್ಕಾಂತಕ್ಕೂ ಕಾಯಿಲಿನ ಕಾಲಿಗೂ ನಡುವೆ 0.25ರಿಂದ 0.3 ಮಿ.ಮೀ. ಬಿಡಿ, ದಪ್ಪನೆಯ ವಿಸಿಟಿಂಗ್ ಕಾರ್ಡ್ ಒಂದನ್ನು ನಡುವೆ ಇಟ್ಟು ಕಾಯಿಲನ್ನು ಬಿಗಿ ಮಾಡಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಫ್ಲೈವೀಲನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಶಾಫ್ಟಿನ ಕೀಲಿಯನ್ನೂ ನೋಡಿ: ಅದು ಅರ್ಧ ಕತ್ತರಿಸಿದ್ದರೆ ಕಿಡಿಯ ಹೊತ್ತು ತಪ್ಪುತ್ತದೆ, ಆಗ ನೀವು ಕಾರ್ಬ್ಯುರೇಟರನ್ನು ಬೈಯುತ್ತ ಇನ್ನೂ ಎಂಟು ತಿಂಗಳು ಕಳೆಯುತ್ತೀರಿ.

ಹಳೆಗರಗಸ

ಇಬ್ಬರಿಗೂ ಧನ್ಯವಾದ. ಕಣ್ಣ ಮುಂದೆಯೇ ಇದ್ದ ಎಣ್ಣೆಯನ್ನು ಎಂಟು ತಿಂಗಳಿಂದ ಒರೆಸುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ನನ್ನ ಬಳಿ ಒತ್ತಡ ಪರೀಕ್ಷೆಯ ಸಾಧನವಿಲ್ಲ. ಎಂಜಿನ್ ಓಡುತ್ತಿರುವಾಗ ಸೀಲ್ ಹತ್ತಿರ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ವೇಗ ಬದಲಾದರೆ ಲೀಕ್ ಇದೆಯೆಂದು ತಿಳಿಯಬಹುದೆಂದು ಕೇಳಿದ್ದೇನೆ. ಅದು ಸಾಕೇ?

ಎರಡುಸ್ಟ್ರೋಕ್

ಅದು ಕೆಲಸ ಮಾಡುತ್ತದೆ, ಆದರೆ ನಾನು ಮಾಡುವುದಿಲ್ಲ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ, ಪಾಯಿಂಟ್ ಕಿಡಿ ಹಾರುವ ಜಾಗದಲ್ಲಿ ಉರಿಯುವ ದ್ರವ ಸಿಂಪಡಿಸುವುದು ಯಾವ ಪರೀಕ್ಷೆಗೂ ಯೋಗ್ಯವಲ್ಲ. ಮೇಲಾಗಿ ನಿಮ್ಮ ಸೀಲ್ ಫ್ಲೈವೀಲ್ ಹಿಂದೆ ಅಡಗಿದೆ. ಫ್ಲೈವೀಲಿನ ಗಾಳಿ ಸಿಂಪಡಿಸಿದ್ದನ್ನೆಲ್ಲ ಹಾರಿಸಿಬಿಡುತ್ತದೆ.

ಸಾಧನವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ರಕ್ತದೊತ್ತಡ ನೋಡುವ ಹಳೆಯ ಉಪಕರಣದ ಕೈಬುಗ್ಗೆ ಮತ್ತು ಮುಳ್ಳಿನ ಮೀಟರ್ ಇದ್ದರೆ ಅರ್ಧ ಕೆಲಸ ಮುಗಿಯಿತು. ಅದರ 300 ಮಿ.ಮೀ. ಗುರುತು ಎಂದರೆ ಸುಮಾರು 0.4 ಬಾರ್, ಈ ಪರೀಕ್ಷೆಗೆ ಅಷ್ಟು ಸಾಕು. ನಿರ್ವಾತಕ್ಕೆ ವಾಹನದ ಬ್ರೇಕಿನಿಂದ ಗಾಳಿ ತೆಗೆಯಲು ಬಳಸುವ ಕೈಪಂಪ್ ಹೊಂದುತ್ತದೆ. ಹಳೆಯ ಸ್ಪಾರ್ಕ್ ಪ್ಲಗ್ ಒಂದರ ಪಿಂಗಾಣಿಯನ್ನು ಒಡೆದು ತೆಗೆದು, ಉಳಿದ ಲೋಹದ ಮೈಗೆ ಕೊಳವೆಯನ್ನು ಗಾಳಿ ಸೋರದಂತೆ ಅಂಟಿಸಿಕೊಳ್ಳಿ. ಸೈಲೆನ್ಸರ್ ಕೆಳಗೆ ಸೈಕಲ್ ಟ್ಯೂಬಿನ ಚೂರನ್ನಿಟ್ಟು ಬಿಗಿಯಿರಿ, ಕಾರ್ಬ್ಯುರೇಟರ್ ತೆಗೆದು ಅದರ ಜಾಗವನ್ನೂ ಹಾಗೆಯೇ ಮುಚ್ಚಿ. ಮಿಡಿತದ ರಂಧ್ರ ಅದೇ ಮುಖದಲ್ಲಿದ್ದರೆ ಅದೂ ಮುಚ್ಚಿತೇ ನೋಡಿ. ಎಷ್ಟೋ ಜನ ಅದನ್ನು ಮರೆತು, ಇಲ್ಲದ ಲೀಕನ್ನು ಇಡೀ ದಿನ ಹುಡುಕುತ್ತಾರೆ.

ಪಿಸ್ಟನನ್ನು ಪೂರ್ತಿ ಕೆಳಗೆ ತಂದರೆ ಸಿಲಿಂಡರೂ ಕ್ರ್ಯಾಂಕ್‌ಕೇಸೂ ಒಂದೇ ಕೋಣೆಯಾಗುತ್ತವೆ. ಈಗ ಗಾಳಿ ತುಂಬಿ ಸಾಬೂನು ನೀರು ಹಚ್ಚಿ: ಸಿಲಿಂಡರ್ ತಳದ ಗ್ಯಾಸ್ಕೆಟ್, ಎರಕದ ಎರಡು ಭಾಗ ಸೇರುವ ಗೆರೆ, ಎರಡೂ ಸೀಲ್. ಅರ್ಧ ನಿಮಿಷದಲ್ಲಿ ಮುಳ್ಳು ಇಳಿಯಬಾರದು. ಕೂದಲೆಳೆಯಷ್ಟು ಇಳಿದರೆ ಐವತ್ತು ವರ್ಷದ ಎಂಜಿನ್‌ಗೆ ನಾನು ಕ್ಷಮಿಸುತ್ತೇನೆ. ಇಲ್ಲಿಗೇ ನಿಲ್ಲಿಸಬೇಡಿ. ಸೀಲಿನ ತುಟಿಯನ್ನು ಒಳಗಿನ ಒತ್ತಡ ಶಾಫ್ಟಿಗೆ ಒತ್ತಿ ಹಿಡಿಯುತ್ತದೆ, ಆದ್ದರಿಂದ ಸೋತ ಸೀಲ್ ಕೂಡ ಒತ್ತಡದ ಪರೀಕ್ಷೆಯಲ್ಲಿ ಪಾಸಾಗಬಹುದು. ನಿರ್ವಾತ ಕೊಟ್ಟಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ನಿಮ್ಮದು ರೀಡ್ ವಾಲ್ವ್ ಎಂಜಿನ್ ಆದ್ದರಿಂದ ನಿರ್ವಾತವನ್ನು ಕಾರ್ಬ್ಯುರೇಟರ್ ಕಡೆಯಿಂದ ಕೊಟ್ಟರೆ ರೀಡ್‌ಗಳು ಮುಚ್ಚಿಕೊಂಡು ಒಳಗಿನದೇನೂ ತಿಳಿಯುವುದಿಲ್ಲ, ಪ್ಲಗ್ ರಂಧ್ರದಿಂದಲೇ ಕೊಡಬೇಕು. ಮುಳ್ಳು ನಿಂತಿರುವಾಗ ಶಾಫ್ಟನ್ನು ಸ್ವಲ್ಪವೇ ಅತ್ತಿತ್ತ ಆಡಿಸಿ. ತಟಸ್ಥವಾಗಿದ್ದಾಗ ಹಿಡಿಯುವ ಸೀಲ್ ಅಲುಗಿದಾಗ ಬಿಡುವುದುಂಟು, ಬೇರಿಂಗ್ ಸವೆದಿದ್ದರಂತೂ ಖಂಡಿತ ಬಿಡುತ್ತದೆ.

ಸೈಲೆನ್ಸರ್ ಬಿಚ್ಚಿದಾಗ ಆ ದ್ವಾರದಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಲು ಮರೆಯಬೇಡಿ. ಹೊಗೆ ಹೋಗುವ ಕಡೆ ಉದ್ದ ಗೀರುಗಳಿದ್ದರೆ ಸಾಮಾನ್ಯವಾಗಿ ತೆಳು ಮಿಶ್ರಣದ ಗುರುತು; ಗಾಳಿ ಬರುವ ಕಡೆ ಮಂಕಾಗಿ ಸವೆದಿದ್ದರೆ ಏರ್ ಫಿಲ್ಟರನ್ನು ದಾಟಿ ದೂಳು ಹೋಗಿದೆ.

ದಿಮ್ಮಿ

ಕಾರ್ಬ್ಯುರೇಟರ್ ವಿಷಯದಲ್ಲಿ ನನ್ನ ಊಹೆ ತಪ್ಪಿರಬಹುದು, ಒಪ್ಪುತ್ತೇನೆ. ಆದರೆ 50:1 ವಿಷಯದಲ್ಲಿ ಯಾರೂ ಏನೂ ಹೇಳಲಿಲ್ಲ. ತಯಾರಕರೇ 16:1 ಎಂದು ಬರೆದಿರುವಾಗ ಮೂರು ಪಟ್ಟು ಕಡಿಮೆ ಎಣ್ಣೆ ಹಾಕಿ ಎಂಜಿನ್ ಬಿಸಿಯಾಯಿತೆಂದರೆ ಯಾರ ತಪ್ಪು?

ಹಳೆಯ ಕೈಪಿಡಿ

16:1 ಎಂಬ ಸಂಖ್ಯೆ ಬಂದ ಕಾಲವನ್ನು ನೋಡಿದರೆ ಈ ಜಗಳ ಸ್ವಲ್ಪ ತಣ್ಣಗಾಗುತ್ತದೆ. ಆಗ ಬೆರೆಸಲು ಹೇಳುತ್ತಿದ್ದದ್ದು ಹೆಚ್ಚಾಗಿ ಸಾಮಾನ್ಯ ಎಸ್‌ಎಇ 30 ಮೋಟಾರ್ ಆಯಿಲ್. ಪೆಟ್ರೋಲಿನಲ್ಲಿ ಬೆರೆತು ಉರಿಯುವುದಕ್ಕೆಂದು ಮಾಡಿದ ಎಣ್ಣೆಯಲ್ಲ. ಲೀಟರಿಗೆ 62 ಮಿ.ಲೀ.ನಷ್ಟು ಎಣ್ಣೆ ಹಾಕಿ, ಅದರ ಮಸಿಯನ್ನು ಹೊಗೆದ್ವಾರದಿಂದ ಆಗಾಗ ಕೆರೆಯುವುದು ಆಗಿನ ನಿತ್ಯದ ಕೆಲಸವಾಗಿತ್ತು. ಈಗಿನ ಟು-ಸ್ಟ್ರೋಕ್ ಆಯಿಲ್ ಬಳಸುವಾಗ ಆ ಪ್ರಮಾಣ ಬೇಕಿಲ್ಲ. ಹಾಗೆಂದು 50:1ಕ್ಕೂ ನಾನು ಹೋಗುವುದಿಲ್ಲ. ನನ್ನ ಹಳೆಯ ಯಂತ್ರಗಳಿಗೆಲ್ಲ 32:1, ಅಂದರೆ ಲೀಟರಿಗೆ 31 ಮಿ.ಲೀ.

ಒಂದು ಎಚ್ಚರ. ಎಣ್ಣೆ ಹೆಚ್ಚಿಸಿದರೆ ಎಂಜಿನ್ ತಾನಾಗಿಯೇ ಸುರಕ್ಷಿತವಾಗುತ್ತದೆ ಎಂದುಕೊಳ್ಳಬೇಡಿ. ಜೆಟ್ಟಿನ ಮೂಲಕ ಹೋಗುವ ದ್ರವದಲ್ಲಿ ಎಣ್ಣೆಯ ಪಾಲು ಹೆಚ್ಚಾದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗುವುದರಿಂದ ಗಾಳಿಯ ಲೆಕ್ಕದಲ್ಲಿ ಮಿಶ್ರಣ ತುಸು ತೆಳುವೇ ಆಗುತ್ತದೆ. ಪ್ರಮಾಣ ಬದಲಿಸಿದವರು ಕಾರ್ಬ್ಯುರೇಟರನ್ನು ಮತ್ತೆ ಹೊಂದಿಸಲೇಬೇಕು. ಇಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರು, ಡಯಾಫ್ರಾಮ್‌ಗಳನ್ನು ಊದಿಸಿ ಗಟ್ಟಿಮಾಡುತ್ತದೆ, ತೇವವನ್ನೂ ಹೀರಿಕೊಳ್ಳುತ್ತದೆ. ಮ್ಯಾಗ್ನೀಸಿಯಂ ಟ್ಯಾಂಕಿಗೆ ತೇವ ಒಳ್ಳೆಯದಲ್ಲ. ಇಥನಾಲ್ ಇಲ್ಲದ್ದು ಅಥವಾ ಆಲ್ಕಿಲೇಟ್ ಇಂಧನ ಸಿಕ್ಕರೆ ಅದನ್ನೇ ಬಳಸಿ, ಸಿಗದಿದ್ದರೆ ಕೆಲಸ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ ಇಡಿ.

ಹಳೆಯ ಕೈಪಿಡಿಗಳನ್ನು ಓದುವ ಚಟ ನನಗೆ ಇರುವುದರಿಂದ ಒಂದು ಹೊರಮಾತು. 1927ರಲ್ಲಿ ಎಮಿಲ್ ಲೆರ್ಪ್ ಜರ್ಮನಿಯ ತುರಿಂಗಿಯಾದ ಡೋಲ್ಮಾರ್ ಬೆಟ್ಟದಲ್ಲಿ ಪರೀಕ್ಷಿಸಿದ ಪೆಟ್ರೋಲ್ ಗರಗಸ 58 ಕಿಲೊ ತೂಗುತ್ತಿತ್ತು, ಹಿಡಿಯಲು ಇಬ್ಬರು ಬೇಕಿತ್ತು. ಆ ಬೆಟ್ಟದ ಹೆಸರೇ ಕಂಪನಿಯ ಹೆಸರಾಯಿತು. ಆ ಕಾಲದ ಯಂತ್ರಗಳಲ್ಲಿ ಫ್ಲೋಟ್ ಕಾರ್ಬ್ಯುರೇಟರ್ ಇದ್ದುದರಿಂದ ಎಂಜಿನನ್ನು ನೆಟ್ಟಗೆ ಇಟ್ಟುಕೊಂಡು, ಚೈನ್ ಸುತ್ತುವ ಉದ್ದನೆಯ ಪಟ್ಟಿಯಾದ ಬಾರನ್ನು ಮಾತ್ರ ಅಡ್ಡ ತಿರುಗಿಸಬೇಕಾಗಿತ್ತು. ಯಂತ್ರವನ್ನು ಯಾವ ಕೋನಕ್ಕೆ ಬೇಕಾದರೂ ವಾಲಿಸಿ ಕೊಯ್ಯಲು ಸಾಧ್ಯವಾದದ್ದು ಡಯಾಫ್ರಾಮ್ ಕಾರ್ಬ್ಯುರೇಟರ್ ಬಂದ ಮೇಲೆ. ಅಂದರೆ ನಿಮ್ಮ ಯಂತ್ರ ವಾಲಿಸಿದಾಗ ಸದ್ದು ಬದಲಿಸಬಾರದು, ಬದಲಿಸದಿರುವುದಕ್ಕೆಂದೇ ಅದನ್ನು ಹಾಗೆ ಕಟ್ಟಿದ್ದಾರೆ. 1959ರಲ್ಲಿ ಸ್ಟೀಲ್ (Stihl) ಕಂಪನಿಯ ‘ಕೊಂಟ್ರಾ’ ಗರಗಸ ಬಂದ ಹೊತ್ತಿಗೆ ಗೇರನ್ನೂ ಬಿಟ್ಟು ಕ್ಲಚ್ಚಿನಿಂದ ನೇರವಾಗಿ ಚೈನ್ ಓಡಿಸುವ ಪದ್ಧತಿ ಬಲವಾಯಿತು.

ಹಳೆಗರಗಸ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಒತ್ತಡದ ಪರೀಕ್ಷೆಯಲ್ಲಿ ಮುಳ್ಳು ನಿಧಾನವಾಗಿ ಇಳಿಯಿತು, ಸಾಬೂನು ನೀರಿನಲ್ಲಿ ಎಲ್ಲಿಯೂ ಗುಳ್ಳೆ ಸ್ಪಷ್ಟವಾಗಿ ಕಾಣಲಿಲ್ಲ. ನಿರ್ವಾತ ಕೊಟ್ಟಾಗ ಮಾತ್ರ ನಾಲ್ಕೇ ಸೆಕೆಂಡಿನಲ್ಲಿ ಮುಳ್ಳು ಸೊನ್ನೆಗೆ ಬಿತ್ತು. ಶಾಫ್ಟನ್ನು ಅಲುಗಿಸಿದಾಗ ಫ್ಲೈವೀಲ್ ಕಡೆಯಿಂದ ಸಣ್ಣ ಸೀಟಿಯಂಥ ಸದ್ದು ಕೇಳಿಸಿತು. ಎಂಟು ತಿಂಗಳ ಪ್ರಶ್ನೆಗೆ ಉತ್ತರ ಸೀಟಿ ಹೊಡೆದು ಬಂತು.

ಫ್ಲೈವೀಲ್ ತೆಗೆಯುವುದೇ ಎರಡು ಸಂಜೆಯ ಕೆಲಸವಾಯಿತು. ಪಿಸ್ಟನ್ ತಡೆಯಲು ಪ್ಲಗ್ ರಂಧ್ರದಲ್ಲಿ ಹಗ್ಗ ತೂರಿಸಿ ನಟ್ ಸಡಿಲಿಸಿದೆ. ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಬರುತ್ತದೆಂದು ಸ್ನೇಹಿತರು ಹೇಳಿದರೂ ಅಂಚಿನ ರೆಕ್ಕೆಗಳು ಮುರಿಯುವ ಭಯದಿಂದ, ಅದರ ಎರಡು ತೂತಿಗೆ ಹೊಂದುವ ಪುಲ್ಲರ್ ಮಾಡಿಸಿಕೊಂಡು ತೆಗೆದೆ. ಕೀಲಿ ಸರಿಯಾಗಿದೆ. ಸೀಲ್ ಮಾತ್ರ ಉಗುರಿನಿಂದ ಒತ್ತಿದರೆ ಟಪ್ಪೆಂದು ಸೀಳಿತು. ಕ್ಲಚ್ ಕಡೆಯದೂ ಅದೇ ಸ್ಥಿತಿಗೆ ಹತ್ತಿರವಿತ್ತು. ಅಲ್ಲಿ ಉಲ್ಟಾ ತಿರುಗಿಸಿ ಬಿಚ್ಚಬೇಕಾದ ಎಡಗೈ ಥ್ರೆಡ್ ಇದೆಯೆಂದು ತಿಳಿಯದೆ ಮೊದಲು ತಪ್ಪು ದಿಕ್ಕಿಗೆ ಬಲ ಹಾಕಿ ಇನ್ನಷ್ಟು ಬಿಗಿ ಮಾಡಿದ್ದೆ. ಸೀಲಿನ ಮುಖದ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪದ ಸಂಖ್ಯೆಗಳು ಇದ್ದುದರಿಂದ ಬೇರಿಂಗ್ ಮಾರುವವರಲ್ಲಿ ಅದೇ ಅಳತೆಯದು ಸಿಕ್ಕಿತು.

ಈಗ ಹೊಸ ಚಿಂತೆ. ಹೊಗೆ ಹೋಗುವ ಕಡೆ ಪಿಸ್ಟನ್ ಮೇಲೆ ಮೂರು ಸಣ್ಣ ಗೀರುಗಳಿವೆ, ಅವಕ್ಕೆದುರಾಗಿ ಸಿಲಿಂಡರಿನಲ್ಲಿ ಬೂದು ಬಣ್ಣದ ಗೆರೆಗಳು. ಆಸಿಡ್ ಹಚ್ಚಿದರೆ ಹೋಗುತ್ತದೆ ಎನ್ನುತ್ತಾರೆ. ಹಚ್ಚಲೇ?

ಎರಡುಸ್ಟ್ರೋಕ್

ಬೆರಳಿನ ಉಗುರು ಆ ಗೆರೆಗೆ ತಡೆಯುತ್ತದೆಯೇ ನೋಡಿ. ಸಿಲಿಂಡರಿನಲ್ಲಿ ಗೆರೆ ಉಬ್ಬಿದಂತೆ ತಡೆದರೆ ಅದು ಪಿಸ್ಟನಿನಿಂದ ಕರಗಿ ಅಂಟಿದ ಅಲ್ಯೂಮಿನಿಯಂ. ತಗ್ಗಿನಂತೆ ತಡೆದರೆ ಸಿಲಿಂಡರಿನ ಒಳಗೋಡೆಯ ಗಟ್ಟಿ ಲೇಪನಕ್ಕೇ ಗಾಯವಾಗಿದೆ, ಅದಕ್ಕೆ ಆಸಿಡ್ ಮದ್ದಲ್ಲ.

ಹೈಡ್ರೋಕ್ಲೋರಿಕ್ ಆಸಿಡ್ ಅಲ್ಯೂಮಿನಿಯಮನ್ನು ತಿನ್ನುತ್ತದೆ, ಗಟ್ಟಿ ಲೇಪನವನ್ನು ಸ್ವಲ್ಪ ಹೊತ್ತು ಬಿಡುತ್ತದೆ. ಇಡೀ ಉಪಾಯ ನಿಂತಿರುವುದು ಆ ವ್ಯತ್ಯಾಸದ ಮೇಲೆ. ಆದ್ದರಿಂದ ಲೇಪನವಿಲ್ಲದ ಅಲ್ಯೂಮಿನಿಯಂ ಸಿಲಿಂಡರಿಗೆ ಅದನ್ನು ಹಚ್ಚಿದರೆ ಸಿಲಿಂಡರನ್ನೇ ತಿನ್ನಿಸಿದಂತೆ. ಲೇಪನ ಎಲ್ಲಾದರೂ ಎದ್ದಿದ್ದರೆ ಅಲ್ಲಿಂದ ಒಳನುಗ್ಗಿ ಅಡಿಯಿಂದ ಕೊರೆಯುತ್ತದೆ. ಮ್ಯಾಗ್ನೀಸಿಯಂ ಎರಕದ ಮೇಲೆ ಒಂದು ಹನಿ ಬಿದ್ದರೂ ನೊರೆಯೆದ್ದು ಹೊಂಡವಾಗುತ್ತದೆ. ಸಿಲಿಂಡರನ್ನು ಕ್ರ್ಯಾಂಕ್‌ಕೇಸಿನಿಂದ ಬೇರ್ಪಡಿಸದೆ ಆಸಿಡ್ ಬಾಟಲಿ ತೆರೆಯಲೇಬೇಡಿ. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಿನಲ್ಲಿ, ಹತ್ತಿ ಸುತ್ತಿದ ಕಡ್ಡಿಯಿಂದ ಗೆರೆಗೆ ಮಾತ್ರ ಮುಟ್ಟಿಸಿ, ಗುಳ್ಳೆ ನಿಂತೊಡನೆ ಅಡುಗೆ ಸೋಡದ ನೀರಿನಿಂದ ತೊಳೆದು, ಒಣಗಿಸಿ ಎಣ್ಣೆ ಹಚ್ಚಬೇಕು.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ: ಮೂರು ಸಣ್ಣ ಗೆರೆಗೆ ಇದೊಂದೂ ಬೇಡ. ನಯವಾದ ಎಮರಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ಒಂದು ಹನಿ ಎಣ್ಣೆ ಹಾಕಿ, ಸುತ್ತಳತೆಯ ದಿಕ್ಕಿನಲ್ಲಿ ನಿಧಾನವಾಗಿ ಉಜ್ಜಿ. ಒಂದು ಗಂಟೆಯ ತಾಳ್ಮೆ ಸಾಕು. ರಿಂಗನ್ನು ಪಿಸ್ಟನಿನಿಂದ ತೆಗೆದು ಸಿಲಿಂಡರಿನೊಳಗೆ ಚಪ್ಪಟೆಯಾಗಿ ತಳ್ಳಿ, ಎರಡು ತುದಿಯ ನಡುವಿನ ಬಿರುಕು ಅಳೆಯಿರಿ. ವ್ಯಾಸದ ಪ್ರತಿ ಇಂಚಿಗೆ 0.1 ಮಿ.ಮೀ. ಎಂಬ ಲೆಕ್ಕದಲ್ಲಿ ನಿಮ್ಮದಕ್ಕೆ ಸುಮಾರು 0.2 ಮಿ.ಮೀ. ಇರಬೇಕು, ಅದರ ಮೂರು ನಾಲ್ಕು ಪಟ್ಟು ಇದ್ದರೆ ರಿಂಗ್ ಬದಲಿಸಿ. ಹೊಸ ಸೀಲ್ ಕೂರಿಸುವಾಗ ಶಾಫ್ಟಿನಲ್ಲಿ ಕೀಲಿ ಕೂರುವ ತೋಡಿನ ಅಂಚಿಗೆ ತೆಳು ಟೇಪ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ಹೊಸ ತುಟಿಯನ್ನು ಮೊದಲ ದಿನವೇ ಆ ಅಂಚು ಕುಯ್ಯುತ್ತದೆ.

ಹಳೆಯ ಕೈಪಿಡಿ

ಬಿಚ್ಚಿರುವಾಗ ಬಣ್ಣ ಹಚ್ಚುವ ಆಸೆ ಬರುತ್ತದೆ. ನನ್ನ ಮಾತು ಕೇಳುವುದಾದರೆ ತಡೆಯಿರಿ. ಅಂಗಡಿಯಿಂದ ಈಗಷ್ಟೇ ಬಂದಂತೆ ಹೊಳೆಯುವ, ಒಳಗೆ ಸೀಲ್ ಸತ್ತ ಯಂತ್ರಗಳನ್ನು ಸಾಕಷ್ಟು ನೋಡಿದ್ದೇನೆ. ಹಚ್ಚಲೇಬೇಕೆಂದಿದ್ದರೆ ಮ್ಯಾಗ್ನೀಸಿಯಮನ್ನು ಒಣಗಿದಂತೆ ಉಜ್ಜಬೇಡಿ, ಅದರ ಪುಡಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಹೊತ್ತಿದ ಮೇಲೆ ನೀರು ಹಾಕಿದರೆ ಇನ್ನೂ ಉರಿಯುತ್ತದೆ. ಆ ಕಾಲದ ಸೈಲೆನ್ಸರ್ ಗ್ಯಾಸ್ಕೆಟಿನಲ್ಲಿ ಕಲ್ನಾರು ಇರಬಹುದು; ಅದನ್ನು ಒದ್ದೆ ಮಾಡಿಯೇ ಕೆರೆಯಿರಿ, ಗಾಳಿ ಊದಬೇಡಿ.

ದುಂಡು ಅರ

ಎಂಜಿನ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಮರ ಮುಟ್ಟುವ ಭಾಗದ ಬಗ್ಗೆ ನಾನು ಹೇಳುತ್ತೇನೆ. ಹಳೆಯ ಬಾರಿಗೆ ಹೊಸ ಚೈನ್ ತರುವ ಮೊದಲು ಪಿಚ್, ಅಂದರೆ ಚೈನಿನ ಕೊಂಡಿಯ ಅಳತೆ ನೋಡಿ: ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರಿಂದ ಮೂರನೆಯದರವರೆಗಿನ ಅಂತರವನ್ನು ಎರಡರಿಂದ ಭಾಗಿಸಿದರೆ ಪಿಚ್ ಸಿಗುತ್ತದೆ. ಈ ಗಾತ್ರದ ಯಂತ್ರದಲ್ಲಿ ಹೆಚ್ಚಾಗಿ 3/8 ಅಥವಾ .404 ಇಂಚು ಇರುತ್ತದೆ. ಬಾರ್, ಚೈನ್, ಸ್ಪ್ರಾಕೆಟ್ ಮೂರೂ ಒಂದೇ ಪಿಚ್ ಆಗಿರಬೇಕು, ಬಾರಿನ ತೋಡಿನ ಅಗಲವೂ ಚೈನಿಗೆ ಹೊಂದಬೇಕು. ಅರದ ಗಾತ್ರ 3/8ಕ್ಕೆ 5.2 ಮಿ.ಮೀ., .404ಕ್ಕೆ 5.5 ಮಿ.ಮೀ. ಹಲ್ಲಿನ ಮುಂದಿರುವ ಗಿಡ್ಡ ಗುಬುಟನ್ನು ಬೇಕಾಬಿಟ್ಟಿ ಅರೆಯಬೇಡಿ, 0.65 ಮಿ.ಮೀ. ತಗ್ಗು ಸಾಕು, ಹೆಚ್ಚು ಅರೆದರೆ ಹಲ್ಲು ಒಮ್ಮೆಗೇ ಹೆಚ್ಚು ಕಚ್ಚಿ ಯಂತ್ರ ಎಗರುತ್ತದೆ. 1947ರಲ್ಲಿ ಜೋಸೆಫ್ ಕಾಕ್ಸ್ ಮರ ಕೊರೆಯುವ ಹುಳುವಿನ ದವಡೆ ನೋಡಿ ಮಾಡಿದ ಚಿಪ್ಪರ್ ಚೈನಿನ ವಂಶದವೇ ಇವತ್ತಿನ ಚೈನ್‌ಗಳೂ. ಆದ್ದರಿಂದ ಇವತ್ತಿನ ಚೈನ್ ನಿಮ್ಮ ಹಳೆಯ ಎಂಜಿನ್ ಮೇಲೆ ಏನೂ ಅಪರಿಚಿತವಲ್ಲ. ಕಿಕ್‌ಬ್ಯಾಕ್ (ಬಾರ್ ಮುಖದ ಕಡೆ ಎಗರುವುದು) ಕಡಿಮೆಯಿರುವ ಬಗೆಯದನ್ನೇ ಆರಿಸಿ.

ಏಕೆಂದರೆ ನಿಮ್ಮಲ್ಲಿ ಬ್ರೇಕ್ ಇಲ್ಲ. ಬಾರ್ ಮೂತಿಯ ಮೇಲ್ಭಾಗ ಏನಕ್ಕಾದರೂ ತಗುಲಿದರೆ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಅದು ಮುಖದ ಕಡೆ ಬರುತ್ತದೆ, ಕೈ ಅಷ್ಟು ಬೇಗ ಏನನ್ನೂ ಮಾಡಲಾರದು. ನನ್ನ ನಿಯಮ ಕಟ್ಟುನಿಟ್ಟು: ಬ್ರೇಕ್ ಇಲ್ಲದ ಯಂತ್ರದಿಂದ ಮರ ಉರುಳಿಸುವುದಿಲ್ಲ, ಕೊಂಬೆ ಸವರುವುದಿಲ್ಲ, ಏಣಿ ಹತ್ತುವುದಿಲ್ಲ. ನೆಲದ ಮೇಲೆ ಅಲುಗದಂತೆ ಇಟ್ಟ ದಿಮ್ಮಿ, ಮೂತಿ ಆಚೆ ಬಯಲಲ್ಲಿ, ಎಡ ಹೆಬ್ಬೆರಳು ಹಿಡಿಯ ಸುತ್ತ. ರಕ್ಷಣೆಯ ಪ್ಯಾಂಟ್ ಹಾಕಿದ್ದೇನೆ ಎಂಬ ಧೈರ್ಯವೂ ಬೇಡ. ಆ ನೂಲುಗಳು ಚೈನನ್ನು ಸಿಕ್ಕಿಸಿ ನಿಲ್ಲಿಸಬೇಕು, ಹಳೆಯ ದೊಡ್ಡ ಎಂಜಿನ್‌ಗಳ ಎಳೆತಕ್ಕೆ ಅವು ಸೋಲಬಹುದು.

ದಿಮ್ಮಿ

ಇಷ್ಟು ನಿಯಮ ಹಾಕಿಕೊಂಡರೆ ಓಡಿಸುವುದೇಕೆ, ಗೋಡೆಗೆ ತೂಗುಹಾಕಬಹುದಲ್ಲ?

ದುಂಡು ಅರ

ದಿಮ್ಮಿಯವರೇ, ದಿನವಿಡೀ ಕೆಲಸ ಮಾಡಬೇಕಿದ್ದರೆ ನಾನೂ ಹೊಸದನ್ನೇ ಎತ್ತಿಕೊಳ್ಳುತ್ತೇನೆ. ಕಂಪನ ತಡೆಯುವ ರಬ್ಬರ್ ಇಲ್ಲದ ಹಿಡಿಯನ್ನು ಅರ್ಧ ಗಂಟೆ ಹಿಡಿದರೆ ಬೆರಳು ಜೋಮು ಹಿಡಿಯುತ್ತದೆ. ವರ್ಷಗಟ್ಟಲೆ ಹಾಗೆ ದುಡಿದವರ ಬೆರಳಿಗೆ ರಕ್ತ ಹರಿಯದೆ ಬಿಳಿಚುವ ರೋಗವೇ ಬಂದಿತ್ತು. ಆದರೆ ಒಂದು ಭಾನುವಾರ ನಾಲ್ಕು ತುಂಡು ಕೊಯ್ಯಲು ಹಳೆಯದೇ ನನಗೆ ಇಷ್ಟ. ಅದರ ಎಳೆತ ಕೆಳವೇಗದಲ್ಲೇ ಇದೆ, ದಿಮ್ಮಿಯೊಳಗೆ ಅವಸರವಿಲ್ಲದೆ ಇಳಿಯುತ್ತದೆ. ಗೋಡೆಗೆ ತೂಗುಹಾಕಿದ ಯಂತ್ರದ ಸೀಲ್ ಇನ್ನೂ ಬೇಗ ಒಣಗುತ್ತದೆ.

ಹಳೆಗರಗಸ

ಎಲ್ಲ ಜೋಡಿಸಿ ಮುಗಿಯಿತು. ಎರಡು ಹೊಸ ಸೀಲ್, ಹೊಸ ರಿಂಗ್, ಸಿಲಿಂಡರ್ ತಳಕ್ಕೆ ಹೊಸ ಗ್ಯಾಸ್ಕೆಟ್. ನಿರ್ವಾತ ಕೊಟ್ಟು ಚಹಾ ಕುಡಿದು ಬಂದೆ, ಮುಳ್ಳು ಇದ್ದಲ್ಲೇ ಇತ್ತು. ‘ಎಲ್’ ಸ್ಕ್ರೂ, ಹೆಚ್ಚಿನ ವೇಗದ ‘ಎಚ್’ ಸ್ಕ್ರೂ ಎರಡನ್ನೂ ಮುಚ್ಚಿ ಒಂದೊಂದು ಸುತ್ತು ತೆರೆದು, 32:1 ಮಿಶ್ರಣದಿಂದ ಸ್ಟಾರ್ಟ್ ಮಾಡಿದೆ. ‘ಎಲ್’ ಕೊನೆಗೆ ನಿಂತದ್ದು ಒಂದು ಸುತ್ತು ಮತ್ತು ಸ್ವಲ್ಪ, ಎರಡು ಸುತ್ತಲ್ಲ. ‘ಎಚ್’ ವಿಷಯದಲ್ಲಿ ಮಾತ್ರ ಇನ್ನೂ ಅನುಮಾನವಿದೆ: ಹೊರೆಯಿಲ್ಲದೆ ಪೂರ್ತಿ ಥ್ರಾಟಲ್ ಹಿಡಿದಾಗ ಅದು ಗೊರಗೊರ ಎಂದು ತಡವರಿಸುತ್ತದೆ.

ಎರಡುಸ್ಟ್ರೋಕ್

ದಿಮ್ಮಿಗೆ ಇಳಿಸಿದೊಡನೆ ಆ ತಡವರಿಕೆ ಹೋಗಿ ಸದ್ದು ಶುದ್ಧವಾಗುತ್ತದೆಯೇ? ಆಗುವುದಾದರೆ ಮುಟ್ಟಬೇಡಿ, ಸರಿಯಾಗಿಯೇ ಇದೆ. ಹೊರೆಯಿಲ್ಲದಾಗಲೂ ಸದ್ದು ಚೊಕ್ಕಟವಾಗಿ ಕಿರುಚುತ್ತಿದ್ದರೆ ಆಗ ಚಿಂತಿಸಬೇಕಿತ್ತು. ದಿಮ್ಮಿಯೊಳಗೂ ತಡವರಿಸಿದರೆ ಮಾತ್ರ ಸ್ಕ್ರೂವನ್ನು ಒಂದು ಕೂದಲಷ್ಟು ಮುಚ್ಚಿ.

ಹಳೆಗರಗಸ

ದಿಮ್ಮಿಯೊಳಗೆ ಶುದ್ಧವಾಗುತ್ತದೆ. ಹಾಗೆಯೇ ಬಿಟ್ಟಿದ್ದೇನೆ. ನಿನ್ನೆಗೆ ಹನ್ನೆರಡು ಟ್ಯಾಂಕ್ ಮುಗಿದವು. ಬಿಸಿಯಾದ ಮೇಲೂ ಥ್ರಾಟಲ್ ಬಿಟ್ಟೊಡನೆ ವೇಗ ಇಳಿದು ಚೈನ್ ನಿಲ್ಲುತ್ತದೆ, ಮಗ್ಗುಲಿಗೆ ವಾಲಿಸಿದರೂ ಸದ್ದು ಒಂದೇ. ಮ್ಯಾಗ್ನೆಟೊ ಅವರಿಗಾಗಿ ಪಾಯಿಂಟ್ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆ. ಒರೆಸಲು ಬಟ್ಟೆ ಹಿಡಿದುಕೊಂಡೇ ಕೂತಿದ್ದೆ, ಒಳಗೆ ಒಣಗಿತ್ತು.

ಮ್ಯಾಗ್ನೆಟೊ

ಬತ್ತಿಗೆ ಒಂದು ತೊಟ್ಟು ಎಣ್ಣೆ ಹಾಕಿ ಮುಚ್ಚಿಬಿಡಿ. ಇಷ್ಟು ದಿನ ಅದನ್ನು ಸೀಲೇ ಹಾಕುತ್ತಿತ್ತು, ಇನ್ನು ಮುಂದೆ ನೀವೇ ಹಾಕಬೇಕು.